ಬಳಸಿದ ರಿವಾಲ್ವರ್ ಕೊಳ್ಳುವ ಮುನ್ನ: ಆನ್‌ಲೈನ್ ಗುಂಪಿನಲ್ಲಿ ಗನ್‌ಸ್ಮಿತ್ (ಬಂದೂಕು ರಿಪೇರಿಯವರು) ಜೊತೆ ಪ್ರಶ್ನೋತ್ತರ

ಗುರಿಕಾರ: ಸರ್, ನಾನು ಇಷ್ಟು ದಿನ 9 ಎಂಎಂ ಸೆಮಿ ಆಟೋಮ್ಯಾಟಿಕ್ ಪಿಸ್ತೂಲಿನಲ್ಲೇ ಅಭ್ಯಾಸ ಮಾಡಿದವನು. ಈಗ ಟಾರ್ಗೆಟ್‌ಗೆ ಅಂತ ಬಳಸಿದ .357 ರಿವಾಲ್ವರ್ ಒಂದನ್ನು .38 ಸ್ಪೆಷಲ್ ಗುಂಡು ಹಾಕಿ ಹಾರಿಸಿ ನೋಡಿದೆ. ಗ್ರೂಪಿಂಗ್ ಚೆನ್ನಾಗಿದೆ, ಗುಂಡುಗಳು ಹತ್ತಿರ ಹತ್ತಿರವೇ ಬೀಳುತ್ತವೆ, ಆದರೆ ಆರರಲ್ಲಿ ಒಂದು ಯಾವಾಗಲೂ ಹೊರಗೆ ಬೀಳುತ್ತದೆ. ಪಕ್ಕದಲ್ಲಿ ನಿಂತಿದ್ದ ಗೆಳೆಯನ ಕೆನ್ನೆಗೆ ಏನೋ ಚುಚ್ಚಿತು. ಮಾರುವವರು ರಿವಾಲ್ವರ್ ಅಂದ್ರೆ ಹೀಗೇ ಅಂತಾರೆ. ತೊಗೊಳ್ಳಲಾ?

ಗನ್‌ಸ್ಮಿತ್: ಬೇಡ. ಪರೀಕ್ಷೆ ಆಗುವ ತನಕ ಅದರಲ್ಲಿ ಇನ್ನೊಂದು ಗುಂಡನ್ನೂ ಹಾರಿಸಬೇಡಿ. ಕೆನ್ನೆಗೆ ಚುಚ್ಚಿದ್ದು ಬಹುಶಃ ಸೀಸದ ಚೂರು. ಕಣ್ಣಿಗೆ ಬಿದ್ದಿದ್ದರೆ?

ಪಿಸ್ತೂಲಿನಲ್ಲಿ ಗುಂಡು ಕೂರುವ ಮನೆ ನಳಿಗೆಯದೇ ಭಾಗ. ರಿವಾಲ್ವರ್‌ನಲ್ಲಿ ಆರು ಮನೆಯಿರುವ ತಿರುಗುವ ಸಿಲಿಂಡರ್ ಬೇರೆ, ನಳಿಗೆ ಬೇರೆ. ಪ್ರತಿ ಸಲ ಒಂದು ಮನೆ ತಿರುಗಿ ಬಂದು ನಳಿಗೆಯ ನೇರಕ್ಕೆ ನಿಲ್ಲಬೇಕು. ತುಸು ಓರೆಯಾದರೆ ನಳಿಗೆಯ ಹಿಂಬದಿಯ ಅಗಲವಾದ ಬಾಯಿ ಗುಂಡನ್ನು ಒಳಗೆ ಎಳೆದುಕೊಳ್ಳುತ್ತದೆ, ಜಾಸ್ತಿ ಓರೆಯಾದರೆ ಗುಂಡಿನ ಅಂಚು ಕೆತ್ತಿಹೋಗಿ ಆ ಚೂರು ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಂದಿನಿಂದ ಪಕ್ಕಕ್ಕೆ ಸಿಡಿಯುತ್ತದೆ.

ಒಂದೇ ಮನೆ ತಪ್ಪುತ್ತಿದೆ ಅನ್ನುವುದು ನನ್ನನ್ನು ಕಾಡುತ್ತಿದೆ. ಹೀಗೆ ಮಾಡಿ. ಗನ್ ಖಾಲಿ ಮಾಡಿ, ಎರಡು ಸಲ ನೋಡಿ. ಎಕ್ಸ್‌ಟ್ರಾಕ್ಟರ್ ನಕ್ಷತ್ರದ (ಸಿಲಿಂಡರ್ ಹಿಂಬದಿಯಲ್ಲಿ ಖಾಲಿ ತೋಟೆ ಹೊರತಳ್ಳುವ ಹಲ್ಲಿನ ತುಂಡು) ಕೆಳಗೆ ಬ್ರಷ್ ಆಡಿಸಿ, ಸುಡದೆ ಉಳಿದ ಮದ್ದಿನ ನಾಲ್ಕು ಕಾಳು ಸೇರಿದ್ದರೂ ಸಿಲಿಂಡರ್ ಬಿಗಿಯುತ್ತದೆ. ಆಮೇಲೆ ಸಿಲಿಂಡರ್ ಮುಚ್ಚಿ, ಅದರ ಮೇಲೆ ಬೆರಳನ್ನು ಹಗುರವಾಗಿ ಒತ್ತಿ ಹಿಡಿದು, ಹ್ಯಾಮರನ್ನು, ಅಂದರೆ ಗುಂಡಿಗೆ ಬಡಿಯುವ ಸುತ್ತಿಗೆಯನ್ನು, ಬಹಳ ನಿಧಾನ ಹಿಂದಕ್ಕೆ ಎಳೆಯಿರಿ. ಹ್ಯಾಮರ್ ಹಿಂದೆ ನಿಲ್ಲುವಷ್ಟರಲ್ಲಿ ಸಿಲಿಂಡರ್ ಕಚ್ಚಿಕೊಂಡಿರಬೇಕು. ಆಮೇಲೂ ಬೆರಳಲ್ಲಿ ತಳ್ಳಿದಾಗ ಟಕ್ ಅಂತ ಕೂತರೆ ಟೈಮಿಂಗ್ ಹೋಗಿದೆ, ಅಂದರೆ ಮನೆ ಸರಿಯಾದ ಹೊತ್ತಿಗೆ ನಳಿಗೆಯ ನೇರಕ್ಕೆ ನಿಲ್ಲುತ್ತಿಲ್ಲ. ಆರೂ ಮನೆಗೆ ಮಾಡಿ. ಎಲ್ಲದರಲ್ಲೂ ಹೀಗಾದರೆ ನಕ್ಷತ್ರದ ಹಲ್ಲು ತಳ್ಳಿ ಸಿಲಿಂಡರ್ ತಿರುಗಿಸುವ ಹ್ಯಾಂಡ್ ಎಂಬ ಭಾಗ ಸವೆದಿರಬೇಕು, ಒಂದರಲ್ಲೇ ಆದರೆ ನಕ್ಷತ್ರದ ಆ ಒಂದು ಹಲ್ಲು.

ಇನ್ನೊಂದು. ಪಿಸ್ತೂಲಿನ ರೂಢಿಯಲ್ಲಿ ಎಡ ಹೆಬ್ಬೆರಳು ಮುಂದಕ್ಕೆ ಚಾಚಿರುತ್ತದೆ, ಅಲ್ವಾ? ಸಂದು ಬರೀ 0.1ರಿಂದ 0.2 ಮಿಲಿಮೀಟರ್, ಆದರೆ ಅಲ್ಲಿಂದ ನುಗ್ಗುವ ಬಿಸಿ ಅನಿಲ ಚರ್ಮ ಸೀಳುತ್ತದೆ. ಹೆಬ್ಬೆರಳು ಸಿಲಿಂಡರ್‌ನ ಹಿಂದೆಯೇ ಇರಲಿ.

ಹೊಸಬ: ಅಣ್ಣ, .357ರಲ್ಲಿ .38 ಸ್ಪೆಷಲ್ ಹಾಕಬಹುದಾ?

ಗನ್‌ಸ್ಮಿತ್: ಹಾಕಬಹುದು. .38ರ ರಿವಾಲ್ವರ್‌ಗೆ .357 ಹಾಕಬಾರದು.

ಮಳೆಗಾಲ: ಒಂದು ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ. "ಟ್ರಿಗರ್ ಗಟ್ಟಿಯಿದ್ದರೆ ಹಿಡಿಯ ಮುಂದಿನ ಸ್ಕ್ರೂ ಸಡಿಲಿಸಿ, ಸ್ಪ್ರಿಂಗ್ ಎರಡು ಸುತ್ತು ಕತ್ತರಿಸಿ, ಒಳಗೆ ಡಬ್ಲ್ಯುಡಿ-40 ಹೊಡೆಯಿರಿ."

ಗನ್‌ಸ್ಮಿತ್: ದಯವಿಟ್ಟು ಅಳಿಸಿ. ಸ್ಪ್ರಿಂಗ್ ಬಲ ಇಳಿದರೆ ಹ್ಯಾಮರ್ ಪ್ರೈಮರಿಗೆ (ಗುಂಡಿನ ಹಿಂಬದಿಯಲ್ಲಿ ಮದ್ದು ಹೊತ್ತಿಸುವ ಬಟ್ಟಲು) ಸರಿಯಾಗಿ ಬಡಿಯುವುದಿಲ್ಲ, ಬರೀ ಕ್ಲಿಕ್ ಅನ್ನುತ್ತದೆ. ಪಿಸ್ತೂಲಿನವರು ಕ್ಲಿಕ್ ಅಂದ ಕೂಡಲೇ ಸ್ಲೈಡ್ ಎಳೆದು ಮುಂದೆ ಹೋಗುತ್ತಾರೆ. ಇಲ್ಲಿ ಅದೇ ಆತುರದಲ್ಲಿ ಟ್ರಿಗರ್ ಮತ್ತೆ ಎಳೆದರೆ, ತಡವಾಗಿ ಹೊತ್ತಿಕೊಳ್ಳುವ ಗುಂಡು ನಳಿಗೆಯ ಎದುರಿನಿಂದ ಪಕ್ಕಕ್ಕೆ ತಿರುಗಿ ಅಲ್ಲಿ ಸಿಡಿಯಬಹುದು. ಕ್ಲಿಕ್ ಅಂದರೆ ಟಾರ್ಗೆಟ್ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ಸದ್ದು ಕ್ಷೀಣವಾಗಿ ಬಂದರೂ ನಿಲ್ಲಿಸಿ, ಗುಂಡು ನಳಿಗೆಯಲ್ಲೇ ಸಿಕ್ಕಿರಬಹುದು.

ಮಳೆಗಾಲ: ನನ್ನ ಗೆಳೆಯ ಮಾಡಿದ್ದಾನೆ, ಏನೂ ಆಗಿಲ್ಲ.

ಗನ್‌ಸ್ಮಿತ್: ಆಗುವ ತನಕ ಆಗಿರುವುದಿಲ್ಲ. ಅಳಿಸಿ.

ಡಬಲ್ ಆಕ್ಷನ್: ಮೂಲ ಪ್ರಶ್ನೆಗೆ ಬರೋಣ. ಹ್ಯಾಮರ್ ಕೈಯಲ್ಲಿ ಎಳೆದು ಹೊಡೆದರೆ ಕಲಿಕೆಯೇ ಅಲ್ಲ. ಟ್ರಿಗರ್‌ನಿಂದಲೇ ಹ್ಯಾಮರ್ ಎತ್ತಿ ಬಿಡುವ ಉದ್ದ ಎಳೆತ (ಡಬಲ್ ಆಕ್ಷನ್) ಕಲಿಯಿರಿ, ಪಿಸ್ತೂಲೂ ಸುಧಾರಿಸುತ್ತದೆ.

ಹತ್ತರ ವೃತ್ತ: ಟಾರ್ಗೆಟ್‌ಗೆ ಯಾಕೆ ಸುಮ್ನೆ 5 ಕಿಲೋ ಎಳೆಯಬೇಕು? ಹ್ಯಾಮರ್ ಮೊದಲೇ ಎಳೆದಿಟ್ಟು ಹೊಡೆಯುವ ಸಿಂಗಲ್ ಆಕ್ಷನ್‌ನಲ್ಲಿ ಟ್ರಿಗರ್ ಒಂದೂವರೆ ಕಿಲೋ ಆಸುಪಾಸು. 25 ಮೀಟರ್ ಸೆಂಟರ್ ಫೈರ್ ಪಂದ್ಯದ ರ‍್ಯಾಪಿಡ್ ಸುತ್ತಿನಲ್ಲೂ ಟಾರ್ಗೆಟ್ 3 ಸೆಕೆಂಡ್ ಕಾಣುತ್ತದೆ, 7 ಸೆಕೆಂಡ್ ಮರೆಯಾಗುತ್ತದೆ. ಆ ಏಳರಲ್ಲಿ ಹ್ಯಾಮರ್ ಆರಾಮಾಗಿ ಎಳೆಯಬಹುದು.

ಡಬಲ್ ಆಕ್ಷನ್: ಎಲ್ಲರೂ ಪಂದ್ಯಕ್ಕೆ ಹೋಗಲ್ಲ ಸ್ವಾಮಿ.

ಹತ್ತರ ವೃತ್ತ: ಅವರು ಟಾರ್ಗೆಟ್ ಅಂತಲೇ ಕೇಳಿದ್ದು. ಓದಿ ಬರೆಯಿರಿ.

ಡಬಲ್ ಆಕ್ಷನ್: ಓದಿದ್ದೇನೆ. ನೀವು ಪಾಠ ಹೇಳಬೇಕಿಲ್ಲ.

ಕೆಂಪು ಡಾಟ್: .22 ರಿವಾಲ್ವರ್‌ನಿಂದ ಶುರು ಮಾಡಿದರೆ ಹೇಗೆ? ಮರದ ಹಿಡಿ ಒಳ್ಳೆಯದಾ, ರಬ್ಬರಾ?

ಹಸಿರು: .357ಕ್ಕೆ .38 ಆಗುತ್ತಾ ಸರ್?

ಗನ್‌ಸ್ಮಿತ್: ಮೇಲೆ ಹೇಳಿದ್ದೇನೆ.

ಗುರಿಕಾರ: ಸರ್, ಬ್ರಷ್ ಹಾಕಿ ನೋಡಿದೆ. ಐದು ಸರಿ, ಒಂದು ಮನೆ ಮಾತ್ರ ಬೆರಳಲ್ಲಿ ತಳ್ಳಿದ ಮೇಲೆ ಟಕ್ ಅನ್ನುತ್ತದೆ. ಮಾರುವವರು ಆ ಹಲ್ಲಿಗೆ ಅರ ಹಾಕಿಕೊಡುತ್ತೇನೆ ಅಂತಾರೆ. ಮತ್ತೆ, ವೇಗವಾಗಿ ಹೊಡೆದಾಗ ಟ್ರಿಗರ್ ನಡುವೆ ಸಿಕ್ಕಿಕೊಂಡ ಹಾಗಾಗಿತ್ತು. ಅದೂ ದೋಷವಾ?

ಗನ್‌ಸ್ಮಿತ್: ಟ್ರಿಗರ್ ಸಿಕ್ಕಿಕೊಳ್ಳುವುದು ನಿಮ್ಮ ಬೆರಳಿನದ್ದು ಇರಬಹುದು. ಪಿಸ್ತೂಲಿನಂತೆ ಅರ್ಧಕ್ಕೇ ಮತ್ತೆ ಎಳೆಯುತ್ತಿದ್ದೀರಿ. ರಿವಾಲ್ವರ್‌ನಲ್ಲಿ ಟ್ರಿಗರ್ ಪೂರ್ತಿ ಮುಂದೆ ಬರಲು ಬಿಡಬೇಕು. ಹಲ್ಲಿನದ್ದು ಬೇರೆ. ಈಗಲೇ ಸವೆದಿದೆ, ಅರ ಹಾಕಿದರೆ ಇನ್ನೂ ಸವೆಯುತ್ತದೆ. ಹಲ್ಲು ಬದಲಾಗಬೇಕು ಅಂದರೆ ನಕ್ಷತ್ರವೇ ಬದಲಾಗಬೇಕು, ಅದನ್ನು ಆರೂ ಮನೆಗೆ ಹೊಂದಿಸಿ ಕೂರಿಸಬೇಕು. ಆ ಕೆಲಸ ಬಲ್ಲವರಿಂದ ಮಾರುವವರೇ ಮಾಡಿಸಿ ಕೊಡಲಿ, ಇಲ್ಲವಾದರೆ ಬಿಟ್ಟುಬಿಡಿ.