ಏರ್‌ಲೈನ್ ಪಾಯಿಂಟ್ಸ್ (ಮೈಲ್ಸ್) ಇದೆ, ಸೀಟು ಸಿಗುತ್ತಿಲ್ಲ. ಪಾರ್ಟ್ನರ್ ಏರ್‌ಲೈನ್‌ನಲ್ಲಿ ಬಳಸಿದವರು ಹೇಳ್ತೀರಾ?

ಡಿಸೆಂಬರ್‌ಗೆ ಅಪ್ಪ ಅಮ್ಮನನ್ನು ಬೆಂಗಳೂರಿನಿಂದ ಮ್ಯೂನಿಕ್‌ಗೆ ಕರೆಸಿಕೊಳ್ಳಬೇಕು. ದುಡ್ಡು ಕೊಟ್ಟರೆ ಬೇಕಾದಷ್ಟು ಸೀಟಿದೆ. ಮೈಲ್ಸ್ ಹಾಕಿ ಹುಡುಕಿದರೆ ಒಂದೂ ಇಲ್ಲ. ಯಾಕೆ ಹೀಗೆ?

ಉತ್ತರ 1

ಅಮ್ಮನನ್ನು ಫ್ರಾಂಕ್‌ಫರ್ಟ್‌ಗೆ ಕರೆಸುವಾಗ ನನಗೂ ಹೀಗೇ ಆಯಿತು. ಏರ್ ಇಂಡಿಯಾ 2014ರಲ್ಲಿ ಸ್ಟಾರ್ ಅಲಯನ್ಸ್ ಅನ್ನೋ ಏರ್‌ಲೈನ್‌ಗಳ ಕೂಟ ಸೇರಿತು. ಹಾಗಾಗಿ ಅದರ ಪಾಯಿಂಟ್ಸ್ ಕೊಟ್ಟು ಲುಫ್ತಾನ್ಸಾ, ಸಿಂಗಾಪುರ್ ಏರ್‌ಲೈನ್ಸ್ ಟಿಕೆಟ್ ಕೂಡ ತೆಗೆಸಬಹುದು. ಆದರೆ ಪಾರ್ಟ್ನರ್‌ಗಳಿಗೆ ಎಷ್ಟು ಸೀಟು ಬಿಡಬೇಕು ಅನ್ನೋದು ವಿಮಾನ ಓಡಿಸುವವರ ಕೈಯಲ್ಲಿದೆ. ರಜೆಯ ಸಮಯದಲ್ಲಿ ಒಂದೋ ಎರಡೋ ಬಿಟ್ಟರೆ ಅದೇ ಜಾಸ್ತಿ.

ನನ್ನ ತಪ್ಪು ಕೇಳಿ. ಸ್ಕ್ರೀನ್ ಮೇಲೆ ಸೀಟು ಕಂಡಿತು. ಹೋಗಿಬಿಟ್ಟೀತು ಅಂತ ಗಾಬರಿಯಲ್ಲಿ ಕ್ರೆಡಿಟ್ ಕಾರ್ಡ್ ಪಾಯಿಂಟ್ಸ್ ಎಲ್ಲವನ್ನೂ ಮೈಲ್ಸ್ ಮಾಡಿಸಿದೆ. ಅಮ್ಮನ ಪಾಸ್‌ಪೋರ್ಟ್ ನಂಬರ್ ಹಾಕಿ, ದುಡ್ಡು ಕಟ್ಟುವ ಪುಟದವರೆಗೆ ಹೋದರೆ 'ಈ ಸೀಟು ಲಭ್ಯವಿಲ್ಲ' ಅಂತ ಬಂತು. ಮೂರು ಸಲ. ಕಸ್ಟಮರ್ ಕೇರ್‌ನಲ್ಲಿ ನಲವತ್ತು ನಿಮಿಷ ಕಾದ ಮೇಲೆ ಗೊತ್ತಾಯಿತು, ಅವರ ಸಿಸ್ಟಂನಲ್ಲಿ ಆ ಸೀಟೇ ಇರಲಿಲ್ಲ. ನನಗೆ ಕಂಡಿದ್ದು ಹಳೇ ಮಾಹಿತಿ. ಕಾರ್ಡಿನಿಂದ ಹೋದ ಪಾಯಿಂಟ್ಸ್ ವಾಪಸ್ ಬರೋದಿಲ್ಲ. ಅವತ್ತು ತುಂಬಾ ಬೇಜಾರಾಯಿತು.

ಅದಕ್ಕೇ ಹೇಳ್ತೀನಿ, ಮೊದಲು ಅದೇ ತಾರೀಖನ್ನು ಇದೇ ಕೂಟದ ಯುನೈಟೆಡ್ ಅಥವಾ ಏರ್ ಕೆನಡಾ ಸೈಟಿನಲ್ಲೂ ನೋಡಿ. ಅಲ್ಲೂ ಕಂಡರೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಆಮೇಲೆ ಪಾಯಿಂಟ್ಸ್ ಕಳಿಸಿ. ಇಬ್ಬರಿಗೂ ಒಟ್ಟಿಗೆ ಸಿಗದಿದ್ದರೆ ಒಬ್ಬೊಬ್ಬರಿಗೇ ಹುಡುಕಿ ನೋಡಿ. ಹೊಸ ಸೀಟುಗಳು ಸುಮಾರು ಹನ್ನೊಂದು ತಿಂಗಳು ಮೊದಲು ತೆರೆಯುತ್ತವೆ. ಕೊನೆಯ ಎರಡು ವಾರದಲ್ಲೂ ಒಂದಷ್ಟು ಬಿಡ್ತಾರೆ, ಆದರೆ ವೀಸಾ, ಔಷಧಿ ಎಲ್ಲ ಹೊಂದಿಸಬೇಕಾದ ಹಿರಿಯರಿಗೆ ಅದನ್ನು ನಂಬಿ ಕೂರಬೇಡಿ.

ಹೆಸರನ್ನೂ ನೋಡಿಕೊಳ್ಳಿ. ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ, ಮೈಲ್ಸ್ ಖಾತೆಯಲ್ಲಿ ಇನಿಶಿಯಲ್ ಇತ್ತು. ಸರಿ ಮಾಡಿಸೋಕೆ ಒಂಬತ್ತು ದಿನ ಹಿಡಿಯಿತು.

ಉತ್ತರ 2

ಮೇಲಿನವರು ಹೇಳಿದ್ದು ಸರಿ. ಇನ್ನೊಂದು ಮಾತು. ಮೈಲ್ಸ್ ಟಿಕೆಟ್ ಅಂದರೆ ಪೂರ್ತಿ ಬಿಟ್ಟಿ ಅಲ್ಲ. ತೆರಿಗೆ ಕಟ್ಟಲೇಬೇಕು, ಕೆಲವು ಕಡೆ ಇಂಧನದ ಸರ್‌ಚಾರ್ಜ್ ಕೂಡ ದೊಡ್ಡ ಮೊತ್ತ ಆಗುತ್ತದೆ. ಯುನೈಟೆಡ್ ಮೈಲ್ಸ್‌ನಲ್ಲಿ ಆ ಸರ್‌ಚಾರ್ಜ್ ಇಲ್ಲ.

ಟಿಕೆಟ್ ಆದ ತಕ್ಷಣ ವಿಮಾನ ಓಡಿಸುವ ಕಂಪನಿಯ ಪಿಎನ್ಆರ್ (ಬುಕಿಂಗ್ ನಂಬರ್) ಬೇರೆಯಾಗಿ ಕೇಳಿ ಇಟ್ಟುಕೊಳ್ಳಿ. ನಾನು ಕೇಳಿರಲಿಲ್ಲ. ಅಪ್ಪನಿಗೆ ವೀಲ್‌ಚೇರ್, ಸಸ್ಯಾಹಾರದ ಊಟ ಬರೆಸೋಕೆ ಹೋದರೆ ಆ ಕಂಪನಿಯವರು 'ನಿಮ್ಮ ಬುಕಿಂಗ್ ನಮ್ಮಲ್ಲಿಲ್ಲ' ಅಂದರು. ಟಿಕೆಟ್ ಕೊಟ್ಟವರು ಅವರನ್ನೇ ಕೇಳಿ ಅಂದರು. ಆ ಆರಕ್ಷರದ ನಂಬರ್ ಕೈಗೆ ಬಂದ ಮೇಲೆ ಎರಡೂ ಕೆಲಸ ಐದೇ ನಿಮಿಷದಲ್ಲಿ ಮುಗಿಯಿತು.