ಸಹಾಯ ಬೇಕು: ಮಕ್ಕಳಿಗೆ ಕ್ರಿಸ್‌ಮಸ್ ಅಂದ್ರೆ ಬರೀ ಕೇಕ್ ಆಗಿಬಿಟ್ಟಿದೆ

ಎಲ್ಲರಿಗೂ ನಮಸ್ಕಾರ. ಮೈಸೂರಲ್ಲಿ ಸಂತ ಫಿಲೋಮಿನಾ ಚರ್ಚ್ ಕಡೆ ನಮ್ಮನೆ. ಹೋದ ವರ್ಷ ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ) ಕಟ್ಟಿ ಒಳಗೆ ಹೋಗಿ ಬರೋಷ್ಟರಲ್ಲಿ, ಬಾಲಯೇಸುಗೆ ಅಂತ ಹಾಸಿದ್ದ ಹುಲ್ಲಿನ ಮೇಲೆ ಚಿಕ್ಕವನು ಸಾಂತಾ ಬೊಂಬೆ ಮಲಗಿಸಿದ್ದ! ನಗು ಬಂತು, ಆಮೇಲೆ ಕಸಿವಿಸಿ.

ಬೈಬಲ್‌ನ ಲೂಕನ ಸುವಾರ್ತೆಯಲ್ಲಿ 24 ಅಧ್ಯಾಯ ಇದೆಯಲ್ಲ, ಡಿಸೆಂಬರ್ 1ರಿಂದ 24ರವರೆಗೆ ರಾತ್ರಿಗೊಂದು ಓದೋಣ ಅಂದ್ರು ನಮ್ಮತ್ತೆ. ಆದ್ರೆ ಮೊದಲನೇ ಅಧ್ಯಾಯವೇ 80 ವಚನ. ಸ್ನಾನಿಕ ಯೋಹಾನನ ಅಪ್ಪ ಜಕರೀಯನ ಕಥೆ ಮುಗಿಯೋದ್ರೊಳಗೆ ಮಕ್ಕಳು ತೂಕಡಿಸ್ತಾರೆ. 6 ಮತ್ತು 9 ವರ್ಷದವರಿಗೆ ಕನ್ನಡದಲ್ಲಿ ಚಿಕ್ಕದಾಗಿ ಹೇಗೆ ಹೇಳ್ತೀರಿ? ಆಗಮನ ಕಾಲದ (ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ವಾರ) ನಾಲ್ಕು ಮೇಣದಬತ್ತಿ, ಮೂರು ನೇರಳೆ, ಒಂದು ಗುಲಾಬಿ, ಇಲ್ಲಿ ಎಲ್ಲಿ ಸಿಗುತ್ತೆ?

ಕಜ್ಜಾಯ, ಕೇಕ್ ಬಿಡಿ ಅಂತ ಮಾತ್ರ ಹೇಳ್ಬೇಡಿ, ನನಗೂ ಬೇಕು.