ಸಹಾಯ ಬೇಕು: ಮಂಡಿನೋವಿರುವ ಅಮ್ಮನ ಜೊತೆ ಟ್ರೋಲ್ಡ್‌ಹೌಗೆನ್‌ಗೆ ಹೋಗಬಹುದಾ?

ನಾರ್ವೆಯಲ್ಲಿರುವ ಕನ್ನಡಿಗರೇ, ಸ್ವಲ್ಪ ದಾರಿ ಹೇಳಿ. ನಮ್ಮಮ್ಮ ವೀಣೆ ಟೀಚರ್. ಬರ್ಗೆನ್‌ನಲ್ಲಿರುವ ಟ್ರೋಲ್ಡ್‌ಹೌಗೆನ್ ಅಂದರೆ ನಾರ್ವೆಯ ಸಂಗೀತ ಸಂಯೋಜಕ ಎಡ್ವರ್ಡ್ ಗ್ರೀಗ್ ಅವರ ಮನೆ, ಈಗ ಮ್ಯೂಸಿಯಂ. ಅಲ್ಲಿ ಅವರು ಒಬ್ಬರೇ ಕೂತು ಸಂಗೀತ ಬರೆಯುತ್ತಿದ್ದ ಪುಟ್ಟ ಗುಡಿಸಲನ್ನು ನೋಡಲೇಬೇಕು ಅಂತ ಅವರಿಗೆ ಬಹಳ ಆಸೆ. 1891ರದ್ದು, ನೀರಿನ ಪಕ್ಕದಲ್ಲೇ ಇದೆ. ಒಳಗೆ ಪಿಯಾನೊ, ಸೋಫಾ, ಕಿಟಕಿ ಹತ್ತಿರ ಮೇಜು. ಹೊರಗಿನಿಂದ ಇಣುಕಿದರೂ ಸಾಕಂತೆ.

ಹೋಪ್ ನಿಲ್ದಾಣದವರೆಗೆ ಲೈಟ್ ರೈಲು ಇದೆ, ಮುಂದಕ್ಕೆ ಟ್ಯಾಕ್ಸಿ ಮಾಡುತ್ತೇವೆ. ಚಿಂತೆ ಇರುವುದು ಗುಡಿಸಲಿಗೆ ಇಳಿಯುವ ಕೊನೆಯ ದಾರಿಯದ್ದು. ಮ್ಯಾಪ್, ಫೋಟೋ, ವಿಡಿಯೋ ಎಲ್ಲಾ ನೋಡಿದೆ, ಎಷ್ಟು ಕಡಿದಾಗಿದೆ ಅಂತ ಗೊತ್ತಾಗುತ್ತಿಲ್ಲ. ಅಲ್ಲಿನ ಟ್ರೋಲ್ಡ್‌ಸಾಲೆನ್ ಅನ್ನೋ ಸಂಗೀತ ಕಚೇರಿ ಹಾಲ್‌ನಲ್ಲಿ ಕೂತರೆ ವೇದಿಕೆ ಹಿಂದಿನ ಗಾಜಿನಿಂದ ಗುಡಿಸಲು ಕಾಣುತ್ತದೆ, ಆದರೆ ಅಮ್ಮನಿಗೆ ಹತ್ತಿರದಿಂದಲೇ ನೋಡಬೇಕು.

ಹೋಗಿ ಬಂದವರು ಹೇಳಿ: ಕೋಲು ಹಿಡಿದು ನಡೆಯುವವರು ಗುಡಿಸಲ ಬಾಗಿಲವರೆಗೆ ಇಳಿದು ವಾಪಸ್ ಹತ್ತಬಹುದಾ, ಇಲ್ಲಾ ಸಂಗೀತ ಕಚೇರಿಗೆ ಟಿಕೆಟ್ ತಗೊಂಡು ಹಾಲ್‌ನಿಂದ ನೋಡುವುದೇ ವಾಸಿನಾ?